ಎಡಗಡೆಯ ನೆಗ್ಗುಗಳು

ನಿಜ ಹೇಳಿ ನೋಡೋಣ, ಕಾರಿಗೆ ನೆಗ್ಗು ಬಿದ್ದ ಕೂಡಲೇ ನೀವು ಮೊದಲು ನೋಡುವುದು ನೆಗ್ಗನ್ನೋ, ಇಲ್ಲಾ ಯಾರಾದರೂ ಕಂಡರೇನೋ ಅಂತ ಸುತ್ತಮುತ್ತಲನ್ನೋ? ನೆಗ್ಗನ್ನೇ ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ, ದೇವರ ಮುಂದೆ ಒಂದು ಊದುಬತ್ತಿ ಹಚ್ಚಿ, ನೆಮ್ಮದಿಯಾಗಿ ಊಟ ಮಾಡಿ ಮಲಗಿಕೊಳ್ಳಿ. ನಿಮ್ಮಂಥ ಸತ್ಯವಂತರ ಸಹವಾಸ ನನಗೆ ಒಗ್ಗುವುದಿಲ್ಲ. ಸುತ್ತಮುತ್ತ ನೋಡುವವರು ಮಾತ್ರ ಹತ್ತಿರ ಬಂದು ಕೂತುಕೊಳ್ಳಿ.

ಹೋದ ವಾರ ನನ್ನ ಮೊಮ್ಮಗಳು ಸಿಂಚನ ಅಡುಗೆಮನೆಗೆ ಬೆಕ್ಕಿನ ಹಾಗೆ ಬಂದಳು. ನಾನು ಒಲೆಯ ಮುಂದೆ ರೊಟ್ಟಿ ತಿರುವಿ ಹಾಕುತ್ತಿದ್ದೆ. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು, ಏನೋ ಆಗಿದೆ, ಆಗಿರುವುದು ಇವಳ ಕೈಯಲ್ಲೇ.

"ಅಜ್ಜಿ, ಬಚ್ಚಲು ಕಟ್ಟಿಕೊಂಡ್ರೆ ಒತ್ತಿ ಎಳೀತೀವಲ್ಲ, ಆ ರಬ್ಬರ್ ಪಂಪು ಎಲ್ಲಿದೆ?"

"ಯಾಕವ್ವ, ಬಚ್ಚಲು ಕಟ್ಟಿಕೊಂಡಿದ್ಯಾ?"

"ಬಚ್ಚಲಲ್ಲ. ಕಾರು." ದನಿ ಇನ್ನೂ ತಗ್ಗಿಸಿದಳು. "ರಿವರ್ಸ್ ತೆಗೀವಾಗ ಕಾಂಪೌಂಡ್ ಕಂಬಕ್ಕೆ ತಾಗಿಬಿಡ್ತು. ಸ್ವಲ್ಪೇ ಸ್ವಲ್ಪ. ಅಮ್ಮ ಆಫೀಸಿಂದ ಬರೋದ್ರೊಳಗೆ ನಾವೇ ತೆಗೆದುಬಿಡಬಹುದು. ನೋಡಿಲ್ಲಿ."

ಫೋನು ನನ್ನ ಮೂಗಿನ ಹತ್ತಿರ ಹಿಡಿದಳು. ಯಾರೋ ಒಬ್ಬ ದೊರೆಮಗನಂಥವನು ಕಾರಿನ ಬಾಗಿಲಿಗೆ ಬಿಸಿನೀರು ಹುಯ್ದು, ರಬ್ಬರ್ ಬಟ್ಟಲನ್ನು ಒತ್ತಿ, ಸೊಂಟ ಬಗ್ಗಿಸಿ ಎಳೆಯುತ್ತಿದ್ದ. 'ಟೊಪ್' ಅಂತ ಸದ್ದಾಯಿತು. ನೆಗ್ಗು ಮಾಯ. ಅವನು ಪ್ರಪಂಚ ಗೆದ್ದವನ ಹಾಗೆ ನಕ್ಕ.

ನನಗೂ ನಗು ಬಂತು. ಆ ಹುಡುಗನಿಗೆ ಗೊತ್ತಿಲ್ಲ, ಅವನು ಫೋನಿನಲ್ಲಿ ತೋರಿಸುತ್ತಿರುವ ವಿದ್ಯೆಯನ್ನು ಈ ಮುದುಕಿ ಶ್ರೀಮಂಗಲದ ಹಿತ್ತಲಿನಲ್ಲಿ ಏಳು ಸಲ ಮಾಡಿ ಮುಗಿಸಿದ್ದಾಳೆ ಅಂತ. ಸಿಂಚನಳಿಗೂ ಗೊತ್ತಿಲ್ಲ. ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ನಗು ಬಂದಷ್ಟೇ ಬೇಗ ಹೋಯಿತು. ರೊಟ್ಟಿ ಸೀದುಹೋಯಿತು.

ಈ ಫೋನಿನಲ್ಲಿ ಟೈಪು ಮಾಡುವುದನ್ನು ನನಗೆ ಕಲಿಸಿದವಳೂ ಸಿಂಚನಳೇ. ನನ್ನದು ಒಂದೇ ಬೆರಳಿನ ಕೆಲಸ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಒಂದು ಸೌತೆಕಾಯಿ ಹೆಚ್ಚಿ ಮುಗಿಸಬಹುದು. ಹಾಗಾಗಿ ನೀವೂ ನಿಧಾನವಾಗಿ ಓದಿ. ಮೂರು ದಿನ ಕೂತು ಬರೆದದ್ದನ್ನು ಮೂರು ನಿಮಿಷಕ್ಕೆ ಮುಗಿಸಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮವರು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರು ರೈಟರ್ ಅಂದರೆ ಕಥೆ ಬರೆಯುವವರು ಅಂದುಕೊಂಡುಬಿಡುತ್ತಾರೆ. ಇವರು ಬರೆಯುತ್ತಿದ್ದದ್ದು ಚೆಕ್‌ರೋಲು. ಬೆಳಿಗ್ಗೆ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮುಂದೆ ನಿಂತು ಅವರ ಹೆಸರು ಕೂಗುವುದು, ಬಂದವರಿಗೆ ಗೀಟು ಹಾಕುವುದು, ಯಾರು ಕಾಫಿ ಪಿಕಿಂಗಿಗೆ, ಯಾರು ಮೆಣಸಿನ ಬಳ್ಳಿಗೆ ಅಂತ ಹಂಚುವುದು. ಶನಿವಾರಸಂತೆ ಕಡೆಯ ಹುಡುಗಿ ನಾನು, ಮದುವೆಯಾಗಿ ಇವರ ಹಿಂದೆ ದಕ್ಷಿಣಕ್ಕೆ ಬಂದೆ. ನಲವತ್ತು ವರ್ಷ ಅವರು ಅದೇ ಕೆಲಸ ಮಾಡಿದರು. ರಿಟೈರಾದ ಮೇಲೆ ಶ್ರೀಮಂಗಲದ ಹತ್ತಿರವೇ ಸಣ್ಣದೊಂದು ಮನೆ ಕಟ್ಟಿಕೊಂಡೆವು. ಕೆಲಸ ಹೋಯಿತು, ಹೆಸರು ಹೋಗಲಿಲ್ಲ. ಅಂಗಡಿಯವರಿಗೂ ಬಸ್ಸಿನವರಿಗೂ ಅವರು ಕೊನೆತನಕ ರೈಟ್ರೇ. ನಾನು ರೈಟ್ರಮ್ಮ.

ಅವರ ಹತ್ತಿರ ಒಂದು ಹಳೇ ಬಿಳಿ ಕಾರಿತ್ತು. ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡದ್ದು. ದಿನಾ ಹತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಎರಡು ಮೈಲಿ ದೂರದ ಪೇಟೆಗೆ ಕಾರು ತೆಗೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿ, ಒಂದು ಟೀ ಕುಡಿದು, ಪೇಪರು ಓದಿ, ಹನ್ನೆರಡಕ್ಕೆ ವಾಪಸು. ಬೇರೇನೂ ಇಲ್ಲ. ಕೊತ್ತಂಬರಿ ಸೊಪ್ಪು ತನ್ನಿ ಅಂದರೆ ಮರೆತು ಬರುತ್ತಿದ್ದರು. ಆದರೆ ಆ ಎರಡು ಗಂಟೆ ಇತ್ತಲ್ಲ, ಅಷ್ಟು ಹೊತ್ತು ಹೋಟೆಲಿನಲ್ಲಿ ಕೂತವರು ಸರಿದು ಜಾಗ ಬಿಟ್ಟು "ಬನ್ನಿ ರೈಟ್ರೇ" ಅನ್ನುತ್ತಿದ್ದರು. ಉಳಿದ ಇಪ್ಪತ್ತೆರಡು ಗಂಟೆ ಅವರಿಗೆ ಎದ್ದು ಜಾಗ ಬಿಡುವವರು ಯಾರಿದ್ದರು? ನಾನಂತೂ ಅಲ್ಲ.

ಮೊದಲ ನೆಗ್ಗು ನಮ್ಮ ಗೇಟಿನ ಕಂಬದ್ದು. ಹೊರಗೆ ದಢ್ ಅಂತ ಸದ್ದಾಯಿತು. ಓಡಿ ಹೋದೆ. ಇವರು ಕಾರಿನಿಂದ ಇಳಿದು ಕಂಬವನ್ನು ದುರುಗುಟ್ಟಿ ನೋಡುತ್ತಿದ್ದರು.

"ಈ ಕಂಬ ಮೊದ್ಲು ಇಷ್ಟು ಈಚೆಗೆ ಇತ್ತಾ?" ಅಂದರು.

"ಇಲ್ಲ ಕಣ್ರೀ, ನಿಮ್ಮನ್ನ ನೋಡಿ ಖುಷಿಯಾಗಿ ಒಂದೆಜ್ಜೆ ಮುಂದೆ ಬಂತು" ಅಂದೆ.

ಅವರು ನಗಲಿಲ್ಲ. ಆ ಭಾನುವಾರ ಪೊನ್ನಂಪೇಟೆಯಿಂದ ಮಗಳು ಸುಮಿತ್ರಾ, ಸಿಂಚನಳ ಅಮ್ಮ, ಬಂದಳು. ಅವಳು ಅಲ್ಲಿ ಸರ್ಕಾರಿ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ, ಭಾನುವಾರ ತಪ್ಪದೆ ನಮ್ಮನ್ನು ನೋಡಲು ಬರುತ್ತಿದ್ದಳು. ನೆಗ್ಗು ಕಂಡಳು. ಆಫೀಸಿನ ಮೋರೆ ಮಾಡಿದಳು.

"ಅಪ್ಪಾಜಿ, ವಯಸ್ಸಾಯ್ತು ನಿಮ್ಗೆ. ಇನ್ನೊಂದ್ಸಲ ಎಲ್ಲಾದ್ರೂ ತಾಗಿಸಿದ್ರೆ ಕೀ ನಾನು ತಗೊಂಡ್ಹೋಗ್ತೀನಿ, ಹೇಳಿದೀನಿ" ಅಂದಳು.

ಇವರು ಊಟಕ್ಕೆ ಕೂತಾಗ ತಟ್ಟೆಯಲ್ಲಿ ಅನ್ನ ಕಲಸಿ ಕಲಸಿ ಹಾಗೇ ಬಿಟ್ಟು ಎದ್ದರು. ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು, ಕೀ ಇದ್ದದ್ದು ಅಲ್ಲಿ.

ಅದನ್ನು ನೋಡಿದೆನಲ್ಲ, ಅಲ್ಲಿಂದ ಶುರುವಾಯಿತು ನನ್ನ ಕಳ್ಳ ಕೆಲಸ.

ಎರಡನೆಯ ನೆಗ್ಗು ಕಾಫಿ ಕಣದ ಮೋಟುಗೋಡೆಯದು. ಪೊನ್ನಂಪೇಟೆಗೆ ಒಯ್ದು ಮೊಯ್ದುವಿನ ಕೈಗೆ ಕೊಟ್ಟರೆ ಅಚ್ಚುಕಟ್ಟಾಗಿ ಮಾಡಿಕೊಡುತ್ತಾನೆ. ಮೊಯ್ದು ಟಿಂಕರಿಂಗ್ ಕೆಲಸದವನು, ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ತಗಡಿನ ಶೆಡ್ಡಿದೆ, ಊರಿನ ನೆಗ್ಗಿದ ಗಾಡಿಗಳೆಲ್ಲ ಅವನ ಹತ್ತಿರವೇ ಹೋಗುವುದು. ಆದರೆ ಆ ಶೆಡ್ಡು ಇರುವುದು ಸುಮಿತ್ರಾ ಆಫೀಸಿಗೆ ನಡೆದು ಹೋಗುವ ದಾರಿಯಲ್ಲೇ. ಕಾರು ಅಲ್ಲಿ ನಿಂತರೆ ಅವಳಿಗೆ ಕಾಣದೆ ಇರುತ್ತದೆಯೇ? ಹಾಗಾಗಿ ನಾನೇ ಸೆರಗು ಸಿಕ್ಕಿಸಿದೆ. ಯಾವಾಗಲೋ ಟೀವಿಯಲ್ಲಿ ನೋಡಿದ ನೆನಪು. ಹಂಡೆಯಲ್ಲಿ ನೀರು ಕುದಿಸಿ, ಚೊಂಬಿನಿಂದ ನೆಗ್ಗಿನ ಮೇಲೆ ಹುಯ್ದು, ಬಚ್ಚಲಿನ ರಬ್ಬರ್ ಪಂಪು ಒತ್ತಿ ಎಳೆದೆ. ಮೊದಲ ಸಲ ಪಂಪಿನ ಕೋಲೇ ಕಿತ್ತು ಕೈಗೆ ಬಂದು, ನಾನು ಕರಿಬೇವಿನ ಗಿಡದ ಬುಡದಲ್ಲಿ ಕೂತೆ. ಎರಡನೆಯ ಸಲ 'ಟೊಪ್' ಅಂತ ಬಂದೇಬಿಟ್ಟಿತು. ಆ ಸದ್ದಿನ ಸುಖ ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ. ನನ್ನ ಮೂವರು ಮೈದುನರ ಮುಂದೆ ಜಂಬ ಕೊಚ್ಚಬೇಕು ಅನ್ನಿಸಿತು. ಕೊಚ್ಚುವ ಹಾಗಿರಲಿಲ್ಲ. ಮುಂದಿನ ಶನಿವಾರ ಗೇಟಿನ ಕಂಬದ ಹಳೇ ನೆಗ್ಗನ್ನೂ ಹಾಗೇ ಎಳೆದು ತೆಗೆದೆ.

ಅಲ್ಲಿಂದ ಮುಂದೆ ಸಿಲ್ವರ್ ಓಕ್ ಮರ, ಸೊಸೈಟಿಯ ಜಗಲಿ, ಯಾರದೋ ಜೀಪಿನ ಬಂಪರು, ಚರಂಡಿಯ ಕಲ್ಲು. ಪ್ರತಿ ಸಲವೂ ಇವರದೊಂದು ವಿವರಣೆ ಇರುತ್ತಿತ್ತು. ಮರ ಬೆಳೆದು ದಪ್ಪವಾಗಿದೆ, ಜಗಲಿ ಹೊಸದಾಗಿ ಕಟ್ಟಿದ್ದು, ಜೀಪಿನವನು ಕುಡಿದಿದ್ದ. ಪ್ರತಿ ಸಲವೂ ಶನಿವಾರ ನಾನು ನೀರು ಕುದಿಸುತ್ತಿದ್ದೆ. ಭಾನುವಾರ ಮಗಳು ಬಂದು ಕಾಫಿ ಕುಡಿದು ಹೋಗುತ್ತಿದ್ದಳು. ಇವರು ಒಂದು ದಿನವೂ ಥ್ಯಾಂಕ್ಸ್ ಹೇಳಲಿಲ್ಲ. ನಾನು ಪಂಪು ಹಿಡಿದು ಹಿತ್ತಲಿಗೆ ಹೋದರೆ ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಳ್ಳುತ್ತಿದ್ದರು. ನಮ್ಮಿಬ್ಬರ ನಡುವೆ ಅದು ಮಾತಿಲ್ಲದ ಕರಾರು.

ನನ್ನಂಥವಳಿಗೆ ಪರಿಣತರ ಭಯ ಇಂದು ನಿನ್ನೆಯದಲ್ಲ. ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೆ ಹಿತ್ತಾಳೆ ಬಿಂದಿಗೆ ಬೀಳಿಸಿ ನೆಗ್ಗಿಸಿದ್ದೆ. ಅವ್ವನಿಗೆ ಗೊತ್ತಾಗುವ ಮೊದಲೇ ಸರಿಮಾಡೋಣ ಅಂತ ಬಿಂದಿಗೆಯೊಳಗೆ ರಾಗಿ ಮುದ್ದೆಯ ಕೋಲು ತೂರಿಸಿ ಕುಟ್ಟಿದೆ. ಒಳಗೆ ಹೋಗಿದ್ದ ನೆಗ್ಗು ಹೊರಗೆ ಬುಗುಟಾಗಿ ಬಂತು, ಯಾರೋ ಬಿಂದಿಗೆಗೆ ಬಡಿದು ಹಣೆ ಊದಿಸಿದ ಹಾಗೆ. ಅವ್ವ ನೋಡಿದಳು, ಬಯ್ಯಲಿಲ್ಲ, ಊದಿದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟಳು. ನಮ್ಮ ಮನೆಯಲ್ಲಿ ಅಂಥ ಪಾತ್ರೆಗಳು ಹಲವಿದ್ದವು, ಎಲ್ಲ ಒಂದು ಕೆನ್ನೆಯನ್ನು ಗೋಡೆಗೆ ಕೊಟ್ಟು ಮಡಿಯಾಗಿ ನಿಂತಿರುತ್ತಿದ್ದವು. ಆದರೆ ವರ್ಷಕ್ಕೊಮ್ಮೆ ಕಲಾಯಿಯವನು ಬರುತ್ತಿದ್ದ. ಅವನು ಪಾತ್ರೆಯನ್ನು ಕೈಯಲ್ಲಿ ಮೂರು ಸುತ್ತು ತಿರುಗಿಸಿ, "ಇದು ಬಾವಿಕಟ್ಟೆದು. ಇದು ಮಕ್ಕಳು ಕಿತ್ತಾಡಿದ್ದು. ಇದನ್ನ ಯಾರೋ ಒಳಗಿಂದ ಕುಟ್ಟವ್ರೆ" ಅಂತ ಜಾತಕ ಓದಿದ ಹಾಗೆ ಹೇಳಿಬಿಡುತ್ತಿದ್ದ. ಅವನ ಕುಲುಮೆಯ ವಾಸನೆ ಬೀದಿಯಲ್ಲಿ ಬಂದರೆ ಸಾಕು, ನಾನು ಮಂಚದ ಕೆಳಗೆ. ಕೆಲಸ ಬಲ್ಲವನು ಬರೀ ನೆಗ್ಗು ತೆಗೆಯುವುದಿಲ್ಲ, ಅದು ಹೇಗೆ ಬಿತ್ತು ಅಂತಲೂ ಓದುತ್ತಾನೆ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಮೊಯ್ದುವಿನ ಶೆಡ್ಡಿನ ಕಡೆಗೆ ನಾನು ತಲೆ ಹಾಕದೆ ಇದ್ದದ್ದು.

ಏಳನೆಯ ನೆಗ್ಗನ್ನೂ ತೆಗೆದಾಯಿತು. ಎಂಟನೆಯದು ಬಂತು.

ಅವತ್ತು ಸದ್ದು ಯಾವುದೂ ಕೇಳಲಿಲ್ಲ. ಇವರು ಹನ್ನೆರಡಕ್ಕೆ ಬಂದರು, ಕೈಕಾಲು ತೊಳೆದರು, ಊಟಕ್ಕೆ ಕೂತರು. ನಾನು ಬಟ್ಟೆ ಒಣಹಾಕಲು ಹೊರಗೆ ಹೋದವಳು ನೋಡಿದೆ. ಎಡಗಡೆಯ ಕನ್ನಡಿ ಇರಲಿಲ್ಲ, ಅದರ ಬುಡ ಮಾತ್ರ ಇತ್ತು. ಅದರ ಕೆಳಗೆ ಅಗಲವಾದ ನೆಗ್ಗು, ಮೆತ್ತಗೆ ಅದುಮಿದ ಹಾಗೆ. ಗೀರಿಲ್ಲ.

"ರೀ, ಏನಕ್ಕೆ ತಾಗಿಸಿದ್ರಿ?"

"ಎಲ್ಲಿ?"

"ಕನ್ನಡಿ ಎಲ್ಲಿ ಹೋಯ್ತು?"

ಅವರು ಎದ್ದು ಬಂದು ನೋಡಿದರು. ತುಂಬ ಹೊತ್ತು ನೋಡಿದರು. ಈ ಸಲ ಕಂಬ, ಮರ, ಜೀಪಿನವನು ಯಾರೂ ಬರಲಿಲ್ಲ. "ನಾನು ಎಲ್ಲೂ ತಾಗಿಸಿಲ್ಲ ಕಣೇ" ಅಂದರು. ಸುಳ್ಳು ಹೇಳುವಾಗ ಅವರ ಕಿವಿ ಕೆಂಪಾಗುತ್ತಿತ್ತು. ಅವತ್ತು ಕೆಂಪಾಗಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಹಂಡೆಗೆ ನೀರು ತುಂಬಿದೆ. ಒಲೆ ಹಚ್ಚಿದೆ. ನೀರು ಕುದಿಯಿತು. ಪಂಪು ಹಿಡಿದುಕೊಂಡು ಕಾರಿನ ಮುಂದೆ ಹೋಗಿ ನಿಂತೆ. ನೀರು ಹುಯ್ದು ಎಳೆದುಬಿಟ್ಟರೆ ಒಂದೇ ನಿಮಿಷ. ಆಮೇಲೆ ಏನು ತಾಗಿತ್ತು ಅನ್ನುವುದು ಯಾರಿಗೂ, ನನಗೂ, ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ. ಕೈ ಮುಂದೆ ಹೋಗಲಿಲ್ಲ. ಆ ನೀರಿನಲ್ಲಿ ನಾನೇ ಸ್ನಾನ ಮಾಡಿ, ಸೀರೆ ಉಟ್ಟು ಬಂದೆ.

"ನಡೀರಿ, ಮೊಯ್ದು ಹತ್ರ ಹೋಗಿ ಕನ್ನಡಿ ಹಾಕಿಸ್ಕೊಂಡು ಬರಾನ" ಅಂದೆ.

ನಾನು ಯಾವಾಗಲೂ ಹಿಂದಿನ ಸೀಟಿನಲ್ಲಿ ಕೈಚೀಲಗಳ ಜೊತೆ ಕೂರುವವಳು. ಅವತ್ತು ಮುಂದೆ, ಅವರ ಎಡಕ್ಕೆ ಕೂತೆ. ದಾರಿಯಲ್ಲಿ ಶಾಲೆಯ ಇಬ್ಬರು ಹುಡುಗಿಯರು ಕೊಡೆ ಹಿಡಿದು ಎಡಗಡೆಯಲ್ಲೇ ನಡೆದು ಬರುತ್ತಿದ್ದರು. ಕಾರು ಅವರ ಕಡೆಗೇ ಸರಿಯುತ್ತಾ ಹೋಯಿತು.

"ರೀ, ಎಡಕ್ಕೆ ಮಕ್ಕಳು!"

"ಎಲ್ಲಿ?" ಅಂದರು, ಶಾಂತವಾಗಿ, ನೇರ ರಸ್ತೆ ನೋಡುತ್ತಾ.

ನಾನೇ ಸ್ಟೇರಿಂಗು ಎಳೆದೆ. ಮಕ್ಕಳು ಕಾಫಿ ಗಿಡದೊಳಗೆ ಹಾರಿದರು. ಇವರು "ಯಾಕೆ ಎಳೀತೀಯಾ, ರಸ್ತೆ ಖಾಲಿ ಇದ್ಯಲ್ಲ" ಅಂತ ರೇಗಿದರು. ಪೊನ್ನಂಪೇಟೆ ಬರುವತನಕ ನಾನು ದೇವರ ಹೆಸರು ಹೇಳಲಿಲ್ಲ, "ಬಲಕ್ಕೆ, ಬಲಕ್ಕೆ" ಅಂತಲೇ ಹೇಳುತ್ತಿದ್ದೆ.

ಇವರನ್ನು ಎದುರಿನ ಹೋಟೆಲಿನಲ್ಲಿ ಟೀ ಕುಡಿಯಲು ಕೂರಿಸಿ, ನಾನು ಶೆಡ್ಡಿಗೆ ಹೋದೆ. ಮೊಯ್ದು ಕೈ ಒರೆಸಿಕೊಂಡು ಬಂದ. ಮೊದಲು ನೆಗ್ಗನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಅಂಗೈಯನ್ನು ಬಾಗಿಲಿನ ಮೇಲೆ ನಿಧಾನವಾಗಿ ಎಳೆದ, ಹಸುವಿನ ಮೈ ಸವರಿದ ಹಾಗೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದ.

"ಅಮ್ಮಾ, ಇಲ್ಲೊಂದು ತೆಗ್ದದ್ದು ಉಂಟು. ಇಲ್ಲೊಂದು. ಹಿಂದೆ ಎರಡು. ಬಿಸಿನೀರು ಹಾಕಿದ್ದಲ್ಲ? ಯಾರು ಮಾಡಿದ್ದು?"

"ನಾನೇ ಕಣಪ್ಪ."

"ಕೆಲಸ ಮೋಶ ಇಲ್ಲ" ಅಂದ, ಪರವಾಗಿಲ್ಲ ಅನ್ನುವ ಹಾಗೆ. ನಾನು ಹಿಗ್ಗುವಷ್ಟರಲ್ಲಿ ಅವನ ಮುಖ ಬದಲಾಯಿತು. ಕಾರಿನ ಬಲಗಡೆಗೆ ಹೋಗಿ ಹಾಗೇ ಸವರಿ ಬಂದ. "ಅಮ್ಮಾ, ನೀವು ನೋಡ್ಲಿಲ್ವಾ? ಆ ಕಡೆ ಒಂದೂ ಇಲ್ಲ. ಎಲ್ಲಾ ಎಡಗಡೆಗೇ ಉಂಟು. ಗಾಡಿ ಓಡ್ಸ್ಲಿಕ್ಕೆ ಬಾರದವ ಎರಡು ಕಡೆಗೂ ತಾಗಿಸ್ತಾನೆ. ರೈಟ್ರಿಗೆ ಎಡಗಡೆ ಕಾಣ್ತಾ ಇಲ್ಲ. ಇದಕ್ಕೆ ನಾನಲ್ಲ, ಕಣ್ಣಿನ ಡಾಕ್ಟ್ರು ಬೇಕು."

ಏಳು ಸಲ ಆ ಕಾರಿನ ಮುಂದೆ ಮಂಡಿಯೂರಿದವಳು ನಾನು. ಏಳು ಸಲವೂ ಒಂದೇ ಕಡೆ ಮಂಡಿಯೂರಿದೆ. ಕರಿಬೇವಿನ ಗಿಡದ ಬುಡದಲ್ಲಿ ನನ್ನ ಮಂಡಿಯ ಗುರುತು ಬಿದ್ದಿತ್ತು. ನಾನು ನೆಗ್ಗನ್ನು ತೆಗೆದೆ, ಓದಲಿಲ್ಲ.

"ಈ ಹೊಸದು ಎಂಥದ್ದು ಮೊಯ್ದು? ಏನಕ್ಕೆ ತಾಗಿರೋದು?"

ಅವನು ಕನ್ನಡಿಯ ಬುಡಕ್ಕೆ ಬಗ್ಗಿ, ಎರಡು ಬೆರಳಲ್ಲಿ ಏನೋ ಎಳೆದು ನನ್ನ ಅಂಗೈಗೆ ಹಾಕಿದ. ಗೋಣಿಚೀಲದ ನಾರು.

"ಕಲ್ಲು, ಕಬ್ಬಿಣ ಆದ್ರೆ ಗೀರು ಬೀಳ್ತದೆ ಅಮ್ಮಾ. ಇದು ಮೆತ್ತಗಿನದ್ದು ತಾಗಿದ್ದು. ಯಾರೋ ಬದಿಗೆ ಚೀಲ ಹಿಡ್ಕೊಂಡು ನಿಂತದ್ದು. ಚೀಲದ ಹಿಂದೆ..."

ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು. ಸಾಯಂಕಾಲ ನಾನೊಬ್ಬಳೇ ಎಸ್ಟೇಟಿನ ಲೈನಿಗೆ ಹೋದೆ. ಆ ರಸ್ತೆಯಲ್ಲಿ ಚೀಲ ಹೊತ್ತು ಓಡಾಡುವವರು ಬೇರೆ ಯಾರು? ಹೆಚ್ಚು ಹುಡುಕಬೇಕಾಗಲಿಲ್ಲ. ನಮ್ಮ ಹಳೇ ಪಿಕಿಂಗಿನ ಪಾರು ಬಾಗಿಲಲ್ಲಿ ಕೂತಿದ್ದಳು. ಬಲಗೈಗೆ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದರು. ಬೆರಳುಗಳು ಊದಿ ಬಾಳೆಕಾಯಿಯ ಹಾಗಾಗಿದ್ದವು.

"ಏನಾಯ್ತೇ ಪಾರು?"

"ಜಾರಿ ಬಿದ್ದೆ ಕಣವ್ವ, ಸೌದೆ ತರಕೋಗಿ."

ನಾನು ಅಂಗೈ ಬಿಚ್ಚಿ ಗೋಣಿನಾರು ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಬೇಲಿಯ ಕಡೆ ನೋಡುತ್ತಾ ಹೇಳಿದಳು.

"ನಾನು ಓರೆಗೇ ನಿಂತಿದ್ದೆ ಕಣವ್ವ. ರೈಟ್ರ ಗಾಡಿ ಅಂತ ನಮಸ್ಕಾರ ಮಾಡಕ್ಕೆ ಕೈ ಎತ್ತುದ್ದೆ. ಮೂವತ್ತು ವರ್ಸ ದಿನಾ ಬೆಳಗ್ಗೆ ನನ್ನ ಎಸ್ರು ಕೂಗ್ದೋರು. ಎದುರಿಗೆ ನಿಂತಿವ್ನಿ, ನೋಡ್ನೇ ಇಲ್ಲ. ಬಿದ್ದೋಳ್ನೂ ನೋಡ್ನಿಲ್ಲ. ಅಂಗೇ ಒಂಟೋದ್ರು."

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಏಳುದ್ರೆ ಅವ್ರ ಗಾಡಿ ಕಿತ್ಕತಾರೆ ಅಂತ" ಅಂದಳು. "ಗಾಡಿ ಇಲ್ದೆ ರೈಟ್ರು ಎಂಗಿರ್ತಾರವ್ವ?"

ಮಾರನೆಯ ದಿನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಕೂಡಿತು. ಆದರೆ ಸೊಟ್ಟ ಕೂಡಿತು, ಮೂರು ಬೆರಳು ಪೂರ್ತಿ ಮಡಚುವುದಿಲ್ಲ. ಎರಡೂ ಕೈಯಲ್ಲಿ ಗಿಡ ಬಾಚಿದ ಹಾಗೆ ಹಣ್ಣು ಬಿಡಿಸುತ್ತಿದ್ದ ಹೆಂಗಸು ಅವಳು, ನೋಡುವುದಕ್ಕೇ ಚೆಂದ. ಈಗ ಕಣದಲ್ಲಿ ಕೂತು ಒಂದು ಕೈಯಲ್ಲಿ ಬೀಜ ಆರಿಸುತ್ತಾಳೆ. ನನ್ನನ್ನು ಕಂಡರೆ ಈಗಲೂ "ರೈಟ್ರಮ್ಮ ಸಂದಾಕಿದ್ದೀರಾ" ಅನ್ನುತ್ತಾಳೆ. ಬಯ್ದಿದ್ದರೆ ವಾಸಿಯಿತ್ತು.

ಕಣ್ಣಿನ ಡಾಕ್ಟರು ಏನು ಹೇಳಿದರು ಅಂತ ಕೇಳುತ್ತೀರಾ? ನರ ಒಣಗಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಿ, ಕಾರು ಮುಟ್ಟಬೇಡಿ ಅಂದರು. ಆಮೇಲೆ ಚೀಟಿ ಬರೆಯುತ್ತಾ, ತಲೆ ಎತ್ತದೆ, "ಒಂದೆರಡು ವರ್ಷ ಮೊದಲೇ ಬರಬೇಕಿತ್ತು" ಅಂದರು. ಎಲ್ಲರಿಗೂ ಹೇಳುವ ಮಾತೇ ಇರಬೇಕು. ನನಗೆ ಮಾತ್ರ ಹಂಡೆಯ ನೀರು ಮೈಮೇಲೆ ಹುಯ್ದ ಹಾಗಾಯಿತು. ಎರಡು ವರ್ಷದ ಹಿಂದೆಯೇ ಆ ಕಾರು ಮೊಯ್ದುವಿನ ಶೆಡ್ಡಿಗೆ ಹೋಗಬೇಕಿತ್ತು. ಎರಡನೆಯ ನೆಗ್ಗಿಗೋ, ಹೋಗಲಿ, ಮೂರನೆಯದಕ್ಕೋ. ಇವರ ಕಣ್ಣೂ ಉಳಿಯುತ್ತಿತ್ತು, ಪಾರುವಿನ ಕೈಯೂ ಉಳಿಯುತ್ತಿತ್ತು.

ಇವರು ಒಪ್ಪಲಿಲ್ಲ. "ಎದುರಿಗೆ ಎಷ್ಟು ಚೆನ್ನಾಗಿ ಕಾಣ್ತದೆ ನಂಗೆ, ಆ ಡಾಕ್ಟ್ರಿಗೇನು ಗೊತ್ತು" ಅಂದರು. ಪಾರುವಿನ ವಿಷಯ ಹೇಳಿದ್ದರೆ ಒಪ್ಪುತ್ತಿದ್ದರು. ಹೇಳಲು ಎರಡು ಸಲ ಬಾಯಿ ತೆಗೆದೆ. ಒಂದು ಸಲ ಅವರು ಶೂ ಹಾಕಿಕೊಳ್ಳುತ್ತಿದ್ದರು. ಇನ್ನೊಂದು ಸಲ ನನ್ನ ಕಡೆ ನೋಡಿ ಸುಮ್ಮನೆ ನಕ್ಕರು. ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಪಾರು ಬಿದ್ದಳು ಅಂತ ಎಲ್ಲರಿಗೂ ಗೊತ್ತು, ಬೀಳಿಸಿದ್ದು ಯಾರು ಅಂತ ಮೂವರಿಗೇ ಗೊತ್ತು.

ಹೇಳುವ ಬದಲು ಮೊಯ್ದುವಿಗೆ ಫೋನು ಮಾಡಿ ಒಂದು ಬೇಡಿಕೆ ಇಟ್ಟೆ. ಕಾರು ಕೊಡಬೇಡ.

ನಿಮಗೆ ಟಿಂಕರಿಂಗಿನವರ ಸಂಗತಿ ಗೊತ್ತಲ್ಲ? ಹೇಳಿದ ದಿನಕ್ಕೆ ಕಾರು ಕೊಟ್ಟವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಇವತ್ತು ಬಾ ಅಂದರೆ ನಾಳೆ, ನಾಳೆ ಅಂದರೆ ಮಳೆ, ಮಳೆ ನಿಂತರೆ ಪೇಂಟು ಒಣಗಿಲ್ಲ, ಪೇಂಟು ಒಣಗಿದರೆ ಕೆಲಸದವನ ತಂಗಿಯ ಮದುವೆ. ಆ ಕೆಟ್ಟ ಹೆಸರೇ ನನಗೆ ಆಸರೆಯಾಯಿತು. ದಿನಾ ಹತ್ತು ಗಂಟೆಗೆ ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತು ಕೇಳುತ್ತಿದ್ದರು.

"ಮೊಯ್ದು ಮುಗಿಸಿದ್ನಂತಾ?"

"ಇನ್ನೂ ಇಲ್ವಂತೆ ಕಣ್ರೀ. ಕನ್ನಡಿ ಮೈಸೂರಿಂದ ಬರ್ಬೇಕಂತೆ."

ಒಂದು ದಿನ ತಾವೇ ಫೋನು ಮಾಡಿ ಜೋರು ಮಾಡಿದರು. "ಏನಯ್ಯಾ, ಒಂದು ಕನ್ನಡಿಗೆ ಆರು ತಿಂಗಳಾ? ನನ್ನ ಕೆಳಗೆ ಕೆಲ್ಸಕ್ಕಿದ್ದಿದ್ರೆ ನಿಂಗೆ ಒಂದಿನಾನೂ ಹಾಜರಿ ಹಾಕ್ತಿರ್ಲಿಲ್ಲ!" ಆ ಕಡೆಯಿಂದ ಮೊಯ್ದು, "ತಪ್ಪಾಯ್ತು ಸಾರ್, ಈ ಶುಕ್ರವಾರ ಕೊಡ್ತೇನೆ ಸಾರ್" ಅನ್ನುವುದು ನನಗೂ ಕೇಳಿಸಿತು. ಊರಿನಲ್ಲೇ ಕೈಚಳಕಕ್ಕೆ ಹೆಸರಾದ ಮನುಷ್ಯ, ಒಂದು ವರ್ಷ ಎರಡು ತಿಂಗಳು ನನಗಾಗಿ ಸೋಮಾರಿ ಅನ್ನಿಸಿಕೊಂಡ. ಕಾರು ಕೆಲಸ ಮುಗಿದು ಶೆಡ್ಡಿನ ಹಿಂದೆ ಟಾರ್ಪಾಲು ಹೊದ್ದು ಕೂತಿತ್ತು.

ಬರಬರುತ್ತಾ ಇವರ ಇಸ್ತ್ರಿ ಅಂಗಿ ನಿಂತಿತು. ಬನಿಯನ್ನಿನಲ್ಲೇ ಜಗಲಿಗೆ ಬರುತ್ತಿದ್ದರು. ಹತ್ತು ಗಂಟೆಯ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಕೊನೆಯ ವಾರಗಳಲ್ಲಿ ಮಂಚದಿಂದಲೇ ಕೇಳುತ್ತಿದ್ದರು, "ಮೊಯ್ದು?" ಅಂತ ಒಂದೇ ಮಾತು. ನಾನು "ಶುಕ್ರವಾರ" ಅನ್ನುತ್ತಿದ್ದೆ. ಅವರಿಗೆ ಅದು ಸುಳ್ಳು ಅಂತ ಗೊತ್ತಿತ್ತೇ? ಬಟ್ಟಲು ಎಡಕ್ಕಿಟ್ಟರೆ ಕೈ ತಡಕುತ್ತಿತ್ತು, ನಾನು ಎಡಕ್ಕೆ ಕೂತರೆ "ಎಲ್ಲಿ ಹೋದೆ" ಅನ್ನುತ್ತಿದ್ದರು. ನಾನು ಎದ್ದು ಬಲಕ್ಕೆ ಬಂದು ಕೂರುತ್ತಿದ್ದೆ. ಹೋದ ವರ್ಷ ಕಾಫಿ ಹೂ ಬಿಟ್ಟ ವಾರ ಅವರು ಹೋದರು. ಅವತ್ತು ಶುಕ್ರವಾರವೇನೂ ಆಗಿರಲಿಲ್ಲ.

ಶಿವಗಣಾರಾಧನೆಯ ದಿನ ಮೊಯ್ದು ಕಾರು ತಂದು ಮನೆಯ ಮುಂದೆ ನಿಲ್ಲಿಸಿದ. ಅದರ ಎಡಮಗ್ಗುಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನನ್ನ ಏಳು ನೆಗ್ಗುಗಳ ಗುರುತನ್ನೂ ಅವನು ಅಳಿಸಿಬಿಟ್ಟಿದ್ದ. ಕೀ ನನ್ನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು ಪಂಕ್ತಿಯಲ್ಲಿ ಎಲೆ ಹಾಕಲು ನಿಂತುಬಿಟ್ಟ. ಆಮೇಲೆ ಸುಮಿತ್ರಾ ನನ್ನನ್ನೂ ಕಾರನ್ನೂ ಪೊನ್ನಂಪೇಟೆಗೆ ಕರೆದುಕೊಂಡು ಬಂದಳು. ಕಾರು ಈಗ ಮೊಮ್ಮಗಳದು.

ಸಿಂಚನ ಇನ್ನೂ ಫೋನು ಹಿಡಿದು ನಿಂತಿದ್ದಳು. "ಅಜ್ಜಿ, ಬೇಗ. ಅಮ್ಮ ಬಂದ್ಬಿಡ್ತಾಳೆ."

ಒಲೆ ಆರಿಸಿದೆ. "ಬೇಡ ಕಣೆ. ನಾಳೆ ಮೊಯ್ದು ಹತ್ರ ಹೋಗಾನ. ಇವತ್ತು ನಿಮ್ಮಮ್ಮಂಗೆ ಹೇಳಾನ."

"ನೀನು ಅಮ್ಮನ ಕಡೆಗೆ ಸೇರ್ಕೊಂಡ್ಯಾ?" ಅಂತ ಕಣ್ಣು ತುಂಬಿಕೊಂಡಳು.

ಸುಮಿತ್ರಾ ಬಂದಳು. ಚಪ್ಪಲಿ ಬಿಡುವ ಮೊದಲೇ ಹುಡುಗಿ ಕಂಬದ ಕಥೆ ಹೇಳಿದಳು. ಸುಮಿತ್ರಾ ಹೊರಗೆ ಹೋಗಿ ನೋಡಿ ಬಂದು, "ಇಷ್ಟೇನಾ?" ಅಂದಳು. ಹುಡುಗಿ ಬಚಾವಾದೆ ಅಂತ ಓಡಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಬಾಯಿ ಮುಚ್ಚಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಹಂಡೆ, ಪಂಪು, ಏಳು ಶನಿವಾರ, ಗೋಣಿನಾರು, ಶುಕ್ರವಾರದ ಸುಳ್ಳು. "ಪಾರು ಕೈ ಮುರಿದದ್ದು ನಿಮ್ಮಪ್ಪಾಜಿ ಅಲ್ಲ ಕಣೆ, ನಾನು" ಅಂದೆ. ಬಯ್ಯುತ್ತಾಳೆ ಅಂತ ಸೆರಗು ಬಾಯಿಗೆ ಒತ್ತಿಕೊಂಡು ಕಾದೆ.

ಅವಳು ಕುರ್ಚಿಯಲ್ಲಿ ಕೂತಳು. ಬಹಳ ಹೊತ್ತು ಕೈಚೀಲದ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡಿದಳು.

"ಪಾರೂದು ಗೊತ್ತಿರ್ಲಿಲ್ಲ ಅವ್ವ" ಅಂದಳು. "ಉಳಿದದ್ದು ಗೊತ್ತಿತ್ತು. ಕಾರು ಪೂರಾ ಧೂಳು, ಎಡಗಡೆ ಒಂದು ಬಾಗ್ಲು ಮಾತ್ರ ಲಕಲಕ ಅಂತಿರೋದು. ಭಾನುವಾರ ಬಂದೋಳಿಗೆ ಕಾಣ್ತಿರ್ಲಿಲ್ವಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಮುದುಕಿಯರಿಗೆ ಬರುವ ಹಾಗೆ, ತಪ್ಪು ಯಾರ ತಲೆಗಾದರೂ ಕಟ್ಟಿ ಹಗುರಾಗಬೇಕು ಅಂತ. "ಗೊತ್ತಿದ್ದೂ ಯಾಕೆ ಕೀ ಕಿತ್ಕೊಳ್ಳಿಲ್ಲ ಹಂಗಾರೆ? ಕಿತ್ಕೊಳ್ತೀನಿ ಅಂದಿದ್ದೆಯಲ್ಲ!"

ಅವಳು ಮೂಗು ಒರೆಸಿಕೊಂಡಳು.

"ನೀನ್ಯಾಕೆ ಕಿತ್ಕೊಳ್ಳಲಿಲ್ವೋ, ನಾನೂ ಅದಕ್ಕೇ" ಅಂದಳು. "ನಿಂದು ಯಾವಾಗ್ಲೂ ಇದೇ ಆಯ್ತಲ್ಲವ್ವ, ಎಲ್ಲಾನೂ ನೀನೊಬ್ಳೇ ಮಾಡ್ಬೇಕು. ಪಾರು ಕೈನೂ ಪೂರಾ ನೀನೊಬ್ಳೇ ಇಟ್ಕೋಬೇಕಾ? ಇತ್ಲಾಗೆ ಅರ್ಧ ಕೊಡು."